ಸರ್ವರಿಗೆ ಕಾರ್ಡ್ ಹಾಕಿದ್ರೂ ಕೆಲಸ ಮಾಡ್ತಿಲ್ವಾ? ಡ್ರೈವರ್ ಕಡೆ ಆಮೇಲೆ ಹೋಗಿ

ಸರ್ವರಿಗೆ ಹೊಸ ಜಿಪಿಯು, ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಟ್ಟಿಗೆ ನೋಡಿಕೊಳ್ಳುವುದು) ಅಥವಾ 25 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಹಾಕುತ್ತೀರಿ. ಆನ್ ಮಾಡುತ್ತೀರಿ. ಕಾರ್ಡ್ ಕೆಲಸ ಮಾಡಲ್ಲ. ಹೆಚ್ಚಿನವರು ತಕ್ಷಣ ಕೈ ಹಾಕುವುದು ಡ್ರೈವರಿಗೆ. ತೆಗೆದು ಮತ್ತೆ ಹಾಕುತ್ತಾರೆ, ಆಗದಿದ್ದರೆ ಬೇರೆ ವರ್ಷನ್ ಹುಡುಕುತ್ತಾರೆ, ಅದೂ ಆಗದಿದ್ದರೆ ಓಎಸ್ಸನ್ನೇ ಮತ್ತೆ ಇನ್‌ಸ್ಟಾಲ್ ಮಾಡಿ ಕೂರುತ್ತಾರೆ. ಅರ್ಧ ದಿನ ಹೋಯ್ತು.

ಡ್ರೈವರ್ ಕೊನೆಯಲ್ಲಿ ನೋಡುವ ವಿಷಯ. ಅದಕ್ಕೂ ಮೊದಲು ಎರಡು ಪ್ರಶ್ನೆ ಇವೆ. ಕಾರ್ಡ್ ಬೋರ್ಡಿಗೆ ಕಾಣುತ್ತಿದೆಯಾ? ಕಾಣುತ್ತಿದ್ದರೆ, ಅದು ಕೇಳಿದಷ್ಟು ಅಡ್ರೆಸ್ ಜಾಗ, ಅಂದರೆ ಸಿಪಿಯು ಅದರ ಜೊತೆ ಮಾತಾಡಲು ಬಳಸುವ ವಿಳಾಸಗಳು, ಅದಕ್ಕೆ ಸಿಕ್ಕಿದೆಯಾ? ಈ ಎರಡಕ್ಕೂ ಹೌದು ಅಂತ ಉತ್ತರ ಬಂದ ಮೇಲಷ್ಟೇ ಡ್ರೈವರ್ ವಿಚಾರ. ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸರ್ವರ್ ತಂದು, ಅದಕ್ಕೆ ಹಳೆಯ ಟೆಸ್ಲಾ ಕಾರ್ಡ್ (ಎನ್‌ವಿಡಿಯಾದ ಸರ್ವರ್ ಜಿಪಿಯು) ಸಿಕ್ಕಿಸಿ ಮನೆಯಲ್ಲೇ ಎಐ ಮಾಡೆಲ್ ಓಡಿಸೋಣ ಅಂತ ಹೊರಟವರಿಗಂತೂ ಈ ಎರಡನೇ ಪ್ರಶ್ನೆ ತಪ್ಪಿದ್ದಲ್ಲ.

ಲಿಸ್ಟಿನಲ್ಲಿ ಇದೆಯಾ?

ಲಿನಕ್ಸ್ ಆದರೆ ಕಾರ್ಡುಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಓಡಿಸಿ. ವಿಂಡೋಸ್ ಆದರೆ ಡಿವೈಸ್ ಮ್ಯಾನೇಜರ್ ತೆಗೆಯಿರಿ. ಓಎಸ್ ಇನ್ನೂ ಇಲ್ಲ ಅಂದರೆ ಡೆಲ್ಲಿನ ಐಡ್ರಾಕ್, ಎಚ್‌ಪಿಯ ಐಎಲ್‌ಒ ಥರದ, ಸರ್ವರನ್ನು ದೂರದಿಂದ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಪೇಜಿನ ಹಾರ್ಡ್‌ವೇರ್ ಇನ್ವೆಂಟರಿ ನೋಡಿ. ಕಾರ್ಡಿನ ಹೆಸರೇ ಎಲ್ಲೂ ಇಲ್ಲ ಅಂದರೆ ಯಾವ ಡ್ರೈವರ್ ಹಾಕಿದರೂ ಬರಲ್ಲ. ಅಲ್ಲಿಗೆ ಅದು ಸ್ಲಾಟಿನ, ರೈಸರಿನ (ಕಾರ್ಡ್ ಅಡ್ಡ ಕೂರಲು ಬೋರ್ಡಿಗೆ ಸಿಕ್ಕಿಸುವ ಸ್ಲಾಟ್ ಹಲಗೆ), ಕರೆಂಟಿನ ಇಲ್ಲ ಬಯಾಸಿನ (ಓಎಸ್ಸಿಗೂ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಸಮಸ್ಯೆ.

ಮೊದಲು ನೋಡಬೇಕಾದ್ದು ಸಿಪಿಯು ಎಷ್ಟಿವೆ ಅಂತ. ಎರಡು ಸಾಕೆಟ್ ಇರುವ ಸರ್ವರಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಲೇನುಗಳು, ಅಂದರೆ ಕಾರ್ಡಿನ ಡೇಟಾ ಓಡಾಡುವ ದಾರಿಗಳು, ಸೀದಾ ಸಿಪಿಯುವಿನಿಂದಲೇ ಬರುತ್ತವೆ. ಇಂಟೆಲಿನ ಕ್ಸಿಯಾನ್ ಇ5 ವಿ3, ವಿ4 ಕಾಲದ ಸಿಪಿಯುಗೆ 40 ಲೇನ್, ಮೊದಲ ತಲೆಮಾರಿನ ಕ್ಸಿಯಾನ್ ಸ್ಕೇಲಬಲ್‌ಗೆ 48. ಅರ್ಧ ಸ್ಲಾಟುಗಳು ಎರಡನೇ ಸಿಪಿಯುಗೆ ಸೇರಿರುತ್ತವೆ. ಎಚ್‌ಪಿ ಡಿಎಲ್380 ಅನ್ನೇ ತಗೊಳ್ಳಿ, ಅದರ ಎರಡನೇ ರೈಸರ್ ಕೆಲಸ ಮಾಡಬೇಕಾದರೆ ಎರಡನೇ ಸಿಪಿಯು ಇರಲೇಬೇಕು. ದುಡ್ಡು ಉಳಿಸೋಣ ಅಂತ ಒಂದೇ ಸಿಪಿಯು ಇರುವ ಮೆಷಿನ್ ತಂದು, ಆ ರೈಸರಿಗೆ ಕಾರ್ಡ್ ಹಾಕಿ, ಕಾರ್ಡ್ ಸತ್ತಿದೆ ಅಂತ ವಾಪಸ್ ಕಳಿಸುವವರು ಇದ್ದಾರೆ. ಕಾರ್ಡಿಗೆ ಏನೂ ಆಗಿರಲ್ಲ. ಸ್ಲಾಟಿನ ಆ ಕಡೆ ಯಾರೂ ಇಲ್ಲ ಅಷ್ಟೆ. ಮುಚ್ಚಳದ ಒಳಗೆ ಅಂಟಿಸಿರುವ ಚಿತ್ರದಲ್ಲಿ ಅಥವಾ ಮ್ಯಾನ್ಯುಯಲ್ಲಿನಲ್ಲಿ ಯಾವ ಸ್ಲಾಟ್ ಯಾವ ಸಿಪಿಯುಗೆ ಅಂತ ಬರೆದಿರುತ್ತಾರೆ. ಅದನ್ನು ಓದಿ.

ಆಮೇಲೆ ಬೈಫರ್ಕೇಶನ್, ಅಂದರೆ ಒಂದು ಸ್ಲಾಟಿನ ಲೇನುಗಳನ್ನು ಒಡೆದು ಹಂಚುವುದು. ನಾಲ್ಕು ಎಂ.2 ಡ್ರೈವ್ ಕೂರುವ ಅಡಾಪ್ಟರ್ ಕಾರ್ಡ್ ಹಾಕಿದಾಗ ಒಂದೇ ಡ್ರೈವ್ ಕಂಡರೆ, ಮೂರು ಕೆಟ್ಟಿವೆ ಅಂತಲ್ಲ. ಕಡಿಮೆ ಬೆಲೆಯ ಅಡಾಪ್ಟರುಗಳಲ್ಲಿ ಲೇನುಗಳನ್ನು ತಾನೇ ಹಂಚುವ ಸ್ವಿಚ್ ಚಿಪ್ ಇರುವುದಿಲ್ಲ. 16 ಲೇನಿನ ಸ್ಲಾಟನ್ನು ನಾಲ್ಕು ನಾಲ್ಕಾಗಿ ಒಡೆಯುವ ಕೆಲಸ ಬಯಾಸ್ ಮಾಡಬೇಕು. ಆ ಸ್ಲಾಟಿನ ಸೆಟ್ಟಿಂಗನ್ನು 4-4-4-4 ಮಾಡಿ ರೀಬೂಟ್ ಮಾಡಿ. ಬಯಾಸಿನಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ ಸ್ವಿಚ್ ಇರುವ ಕಾರ್ಡ್ ಕೊಳ್ಳಬೇಕು, ಬೇರೆ ದಾರಿ ಇಲ್ಲ.

ಕರೆಂಟಿನ ವಿಷಯದಲ್ಲಿ ಒಂದು ಕಡೆ ಮಾತ್ರ ತುಂಬಾ ಹುಷಾರಾಗಿರಿ. ಟೆಸ್ಲಾ ಕೆ80, ಪಿ40 ಥರದ ಕಾರ್ಡುಗಳ ಹಿಂದೆ ಇರುವ 8 ಪಿನ್ನಿನ ಸಾಕೆಟ್ ನೋಡಲು ಗೇಮಿಂಗ್ ಕಾರ್ಡಿನದರ ಹಾಗೇ ಇರುತ್ತದೆ, ಆದರೆ ಅದು ಸಿಪಿಯುಗೆ ಕೊಡುವ ಇಪಿಎಸ್ ಮಾದರಿಯದು. ಗ್ರಾಫಿಕ್ಸ್ ಕೇಬಲಿನಲ್ಲಿ 12 ವೋಲ್ಟ್ ಇರುವ ಸಾಲಿನಲ್ಲೇ ಇದರಲ್ಲಿ ಗ್ರೌಂಡ್ ಇರುತ್ತದೆ. ಪಿನ್ನಿನ ಆಕಾರ ಬೇರೆ ಇರುವುದರಿಂದ ಸುಲಭವಾಗಿ ಕೂರಲ್ಲ. ಒತ್ತಿ ಕೂರಿಸಿದರೆ ಶಾರ್ಟ್. ಸರಿಯಾದ ಕೇಬಲ್ ಇಲ್ಲ ಅಂದರೆ ತರಿಸಿಕೊಳ್ಳುವ ತನಕ ಕಾರ್ಡ್ ಡಬ್ಬದಲ್ಲೇ ಇರಲಿ. ಟಿ4 ಥರದ 70 ವ್ಯಾಟಿನ ಕಾರ್ಡಿಗೆ ಈ ತಲೆನೋವಿಲ್ಲ, ಸ್ಲಾಟ್ ಕೊಡುವ 75 ವ್ಯಾಟೇ ಸಾಕು.

ಕಾರ್ಡ್ ತೆಗೆದು ಹಾಕುವಾಗ ಪವರ್ ಬಟನ್ ಒತ್ತಿ ಆಫ್ ಮಾಡಿದರೆ ಸಾಲದು. ಮ್ಯಾನೇಜ್‌ಮೆಂಟ್ ಚಿಪ್ ಸ್ಟ್ಯಾಂಡ್‌ಬೈನಲ್ಲಿ ಓಡುತ್ತಲೇ ಇರುತ್ತದೆ, ಸ್ಲಾಟಿಗೂ ಸ್ವಲ್ಪ ಕರೆಂಟ್ ಇರುತ್ತದೆ. ಎರಡೂ ಪವರ್ ಕೇಬಲ್ ಕಿತ್ತು ಸ್ವಲ್ಪ ಕಾಯಿರಿ. ರೈಸರ್ ಪೂರ್ತಿ ತೆಗೆದು, ಕಾರ್ಡಿನ ಚಿನ್ನದ ಅಂಚು ಒರೆಸಿ, ಮತ್ತೆ ಕೂರಿಸಿ. ರೈಸರ್ ಅರ್ಧ ಕೂತಿರುವುದು ಸರ್ವೇಸಾಮಾನ್ಯ.

ಕಾಣುತ್ತೆ, ಆದರೆ ಜಾಗ ಸಿಕ್ಕಿಲ್ಲ

ಜನ ಜಾಸ್ತಿ ಎಡವುವುದು ಇಲ್ಲಿ. ಎಲ್‌ಎಸ್‌ಪಿಸಿಐನಲ್ಲಿ ಹೆಸರು ಬರುತ್ತದೆ, ಡ್ರೈವರ್ ಹಾಕಿದರೆ ಮಾತ್ರ ಏಳುವುದಿಲ್ಲ. ಎನ್‌ವಿಡಿಯಾ ಕಾರ್ಡ್ ಆದರೆ ಡಿಮೆಸೇಜಿನಲ್ಲಿ (dmesg, ಲಿನಕ್ಸಿನ ತಿರುಳಾದ ಕರ್ನಲ್ಲಿನ ಲಾಗ್) ಬಾರ್1 (ಬಾರ್ ಅಂದರೇನು ಅಂತ ಮುಂದೆಯೇ ಇದೆ) ಜಾಗ 0ಎಂ, ಈ ವಿಳಾಸ ಸರಿಯಿಲ್ಲ ಅಂತ ಒಂದು ಸಾಲು ಬರುತ್ತದೆ. ಹಾಗೆ ಬೈದದ್ದು ಡ್ರೈವರ್ ಆದ್ದರಿಂದ ತಪ್ಪು ಡ್ರೈವರಿನದೇ ಅಂದುಕೊಳ್ಳುತ್ತಾರೆ. ಪಾಪ, ಅದು ಬರೀ ಸುದ್ದಿ ಹೇಳುತ್ತಿದೆ.

ಏನಾಗುತ್ತೆ ಅಂದರೆ, ಪ್ರತಿಯೊಂದು ಕಾರ್ಡೂ ಬೂಟಿನ ಹೊತ್ತಿಗೆ ನನಗೆ ಇಷ್ಟು ಅಡ್ರೆಸ್ ಜಾಗ ಬೇಕು ಅಂತ ಕೇಳುತ್ತದೆ. ಕೇಳುವ ಜಾಗಕ್ಕೆ ಬೇಸ್ ಅಡ್ರೆಸ್ ರಿಜಿಸ್ಟರ್, ಎಲ್ಲರ ಬಾಯಲ್ಲಿ ಬಾರ್. ಕಾರ್ಡಿನಲ್ಲಿರುವ ಒಂದೊಂದು ಸಾಧನಕ್ಕೂ ಇಂಥವು ಹೆಚ್ಚೆಂದರೆ ಆರು, 64 ಬಿಟ್ಟಿನ ಬಾರ್ ಆದರೆ ಎರಡನ್ನು ಸೇರಿಸಿ ಒಂದು. ಬಯಾಸ್ ಎಲ್ಲರ ಬೇಡಿಕೆ ನೋಡಿ ಹಂಚುತ್ತದೆ. ಹಂಚಿಕೆಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಅಳತೆ ಎರಡರ ಘಾತದಲ್ಲೇ ಇರಬೇಕು, ಶುರುವಾಗುವ ವಿಳಾಸವೂ ಅದೇ ಅಳತೆಯ ಗುಣಕವಾಗಿರಬೇಕು. ಅಂದರೆ 16 ಜಿಬಿ ಕೇಳಿದ ಕಾರ್ಡನ್ನು 16, 32, 48 ಹೀಗೆ 16ರ ಗಡಿಯಲ್ಲೇ ಕೂರಿಸಬೇಕು. ಲೇಔಟಿನಲ್ಲಿ ಅಲ್ಲೊಂದು ಇಲ್ಲೊಂದು ಚೂರು ಜಾಗ ಉಳಿದಿದ್ದರೂ ಒಂದು ದೊಡ್ಡ ಸೈಟ್ ಕೊಡಲಾಗಲ್ಲ ಅಲ್ವಾ, ಹಾಗೇ ಇದು.

ಈಗ ಕೆ80 ಕಾರ್ಡನ್ನೇ ಹತ್ತಿರದಿಂದ ನೋಡೋಣ. ಹೊರಗೆ ಒಂದೇ ಕಾರ್ಡ್, ಒಳಗೆ ಎರಡು ಜಿಪಿಯು, ತಲಾ 12 ಜಿಬಿ ಮೆಮೊರಿ. ಎಲ್‌ಎಸ್‌ಪಿಸಿಐಗೆ ಎರಡು ಸಲ ವಿ ಅಂತ ಆಪ್ಷನ್ ಕೊಟ್ಟು (lspci -vv) ರೂಟ್, ಅಂದರೆ ಅಡ್ಮಿನ್ ಆಗಿ ಓಡಿಸಿ. ಒಂದೊಂದು ಜಿಪಿಯು ಕೆಳಗೂ ರೀಜನ್ ಅಂತ ಶುರುವಾಗುವ ಸಾಲುಗಳು ಬರುತ್ತವೆ, ಒಂದೊಂದೂ ಒಂದು ಬಾರ್. ರೀಜನ್ 0 ಅಂದರೆ 16 ಎಂಬಿ, ರಿಜಿಸ್ಟರುಗಳಿಗೆ. ರೀಜನ್ 1 ಅಂದರೆ 16 ಜಿಬಿ. ರೀಜನ್ 3ಕ್ಕೆ 32 ಎಂಬಿ. ಎರಡೂ ಜಿಪಿಯು ಸೇರಿ 32 ಜಿಬಿಗಿಂತ ಜಾಸ್ತಿ ಅಡ್ರೆಸ್ ಜಾಗ ಆಯ್ತು. ಪಿ40 ಒಂದೇ ಜಿಪಿಯು, ಆದರೂ ಅದರ ರೀಜನ್ 1 ಒಂದೇ 32 ಜಿಬಿ ಕೇಳುತ್ತದೆ. ಬಯಾಸ್ ಹಳೆಯ ಅಭ್ಯಾಸದಂತೆ ಎಲ್ಲವನ್ನೂ 4 ಜಿಬಿ ಗೆರೆಯ ಕೆಳಗೇ ಕೂರಿಸಲು ನೋಡಿದರೆ ಅಲ್ಲಿ ಒಟ್ಟು ಜಾಗ ಇರುವುದೇ ಎರಡೋ ಮೂರೋ ಜಿಬಿ. ಎಲ್ಲಿಂದ ತರುತ್ತದೆ?

ಆಗ ರೀಜನ್ 1ರ ಎದುರು ಅನ್‌ಅಸೈನ್ಡ್ ಅಂತಲೋ ಇಗ್ನೋರ್ಡ್ ಅಂತಲೋ ಬಂದಿರುತ್ತದೆ. ಡಿಮೆಸೇಜಿನಲ್ಲಿ ಬಾರ್ 1, ನೋ ಸ್ಪೇಸ್ ಅನ್ನುವ ಸಾಲು, ಅದರಲ್ಲೊಂದು ಹೆಕ್ಸ್ ಸಂಖ್ಯೆ, ಅದರ ಹಿಂದೆಯೇ ಫೇಲ್ಡ್ ಟು ಅಸೈನ್ ಅನ್ನುವ ಇನ್ನೊಂದು ಸಾಲು. ಆ ಹೆಕ್ಸ್ ಸಂಖ್ಯೆಯನ್ನು ಓದಲು ಕಲಿತುಕೊಳ್ಳಿ, ಕಷ್ಟ ಇಲ್ಲ. 1ರ ಮುಂದೆ ಎಂಟು ಸೊನ್ನೆ ಇದ್ದರೆ 4 ಜಿಬಿ. 4ರ ಮುಂದೆ ಎಂಟು ಸೊನ್ನೆ ಇದ್ದರೆ 16 ಜಿಬಿ. 8ರ ಮುಂದೆ ಎಂಟು ಇದ್ದರೆ 32. ಯಾವ ಕಾರ್ಡ್, ಎಷ್ಟು ಜಾಗ ಕೇಳಿ ಸಿಗದೆ ಕೂತಿದೆ ಅನ್ನುವುದು ಈ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಒಂದು ಮಾತು: ನೋ ಸ್ಪೇಸ್ ಅಂತ ಕಂಡ ತಕ್ಷಣ ಗಾಬರಿ ಬೇಡ. ಅದರ ಪಕ್ಕದಲ್ಲಿ ಮೆಮ್ ಅಂತ ಇದೆಯಾ, ಐಒ ಅಂತ ಇದೆಯಾ ನೋಡಿ. ಐಒ ಪೋರ್ಟ್ ಅನ್ನುವ ಹಳೆಯ ಕಾಲದ ಬೇರೆಯೇ ಜಾಗ ಇಡೀ ಮೆಷಿನ್ನಿಗೆ 64 ಕೆಬಿ ಮಾತ್ರ, ಬ್ರಿಡ್ಜ್ (ಸ್ಲಾಟನ್ನು ಸಿಪಿಯು ಕಡೆಗೆ ಸೇರಿಸುವ ಕೊಂಡಿ) ಒಂದೊಂದು ಸಲಕ್ಕೆ 4 ಕೆಬಿ ಕಚ್ಚಿಕೊಳ್ಳುತ್ತದೆ, ಹಾಗಾಗಿ 16 ಬ್ರಿಡ್ಜ್ ಆದರೆ ಖಾಲಿ. ಈಗಿನ ಕಾರ್ಡುಗಳಲ್ಲಿ ಹೆಚ್ಚಿನವಕ್ಕೆ ಐಒ ಪೋರ್ಟ್ ಬೇಕೂ ಇಲ್ಲ. ಕಾರ್ಡ್ ಚೆನ್ನಾಗಿ ಓಡುತ್ತಿದ್ದರೆ ಆ ಸಾಲನ್ನು ಸುಮ್ನೆ ಬಿಟ್ಟುಬಿಡಿ.

ಬಯಾಸಿನಲ್ಲಿ ಏನು ಬದಲಿಸಬೇಕು

ಅಬೌವ್ 4ಜಿ ಡಿಕೋಡಿಂಗ್, ಅಂದರೆ 4 ಜಿಬಿ ಗೆರೆಯ ಮೇಲೂ ಜಾಗ ಕೊಡು ಅನ್ನುವ ಸೆಟ್ಟಿಂಗ್. ಸೂಪರ್‌ಮೈಕ್ರೋದಲ್ಲಿ ಇದೇ ಹೆಸರು, ಡೆಲ್ಲಿನಲ್ಲಿ ಮೆಮೊರಿ ಮ್ಯಾಪ್ಡ್ ಐಒ ಅಬೌವ್ 4ಜಿಬಿ. ಅದನ್ನು ಎನೇಬಲ್ ಮಾಡಿ. ದೊಡ್ಡ ಜಿಪಿಯು ಸಮಸ್ಯೆ ಬಹುಪಾಲು ಇಲ್ಲಿಗೇ ಮುಗಿಯುತ್ತದೆ.

ಬದಲಿಸುವ ಮೊದಲು ಮೆಷಿನ್ ಯಾವ ಮೋಡಿನಲ್ಲಿ ಬೂಟ್ ಆಗುತ್ತಿದೆ ನೋಡಿಕೊಳ್ಳಿ. ಕೆಲವು ಬೋರ್ಡುಗಳಲ್ಲಿ ಈ ಆಯ್ಕೆ ಬೇಕಾದರೆ ಹಳೆಯ ಶೈಲಿಯ ಲೆಗಸಿ ಮೋಡ್ ಬಿಟ್ಟು ಹೊಸ ಶೈಲಿಯ ಯುಇಎಫ್‌ಐಗೆ ಬರಬೇಕು. ಲೆಗಸಿಯಲ್ಲಿ ಇನ್‌ಸ್ಟಾಲ್ ಆದ ಓಎಸ್ ಆಮೇಲೆ ಬೂಟ್ ಆಗಲ್ಲ. ಡೇಟಾ ಹೋಗಿರಲ್ಲ, ಮೋಡ್ ವಾಪಸ್ ಮಾಡಿದರೆ ಬರುತ್ತದೆ, ಆದರೆ ರಾತ್ರಿ ಹನ್ನೊಂದಕ್ಕೆ ಪ್ರೊಡಕ್ಷನ್ ಮೆಷಿನ್ ಮುಂದೆ ಕೂತು ಇದನ್ನು ಕಂಡುಕೊಳ್ಳುವ ಅಗತ್ಯ ಇಲ್ಲ.

4 ಜಿಬಿ ಮೇಲೆ ಬಿಟ್ಟರೂ ಕೆಲವೊಮ್ಮೆ ಇನ್ನೊಂದು ಗಂಟು. ಜಾಗವನ್ನು ಎಷ್ಟು ಮೇಲಿಂದ ಕೊಡಬೇಕು ಅನ್ನುವ ಸೆಟ್ಟಿಂಗ್ ಇದೆ, ಎಂಎಂಐಒ (ಮೆಮೊರಿ ಮ್ಯಾಪ್ಡ್ ಐಒ) ಬೇಸ್ ಅಂತ. ಡೆಲ್ಲಿನ ಕೆಲವು ಮಾಡೆಲ್ಲುಗಳಲ್ಲಿ ಡೀಫಾಲ್ಟ್ 56 ಟಿಬಿ, ಜೊತೆಗೆ 12 ಟಿಬಿ ಮತ್ತು 512 ಜಿಬಿ ಆಯ್ಕೆ. 44 ಬಿಟ್ ವಿಳಾಸ ಮಾತ್ರ ಮುಟ್ಟುವ ಓಎಸ್ ಆದರೆ ಅದರ ಕೈ 16 ಟಿಬಿ ತನಕ ಹೋಗುತ್ತದೆ, 56ರಲ್ಲಿ ಕೂತ ಕಾರ್ಡ್ ಅದಕ್ಕೆ ಎಟುಕಲ್ಲ. ಅಂಥ ಕಡೆ 12 ಟಿಬಿ ಮಾಡಿ. 512 ಜಿಬಿ ಆರಿಸಿದರೆ ಹಾಕಬಹುದಾದ ರ‍್ಯಾಮ್ 512 ಜಿಬಿ ಒಳಗೇ ಇರಬೇಕಾಗುತ್ತದೆ, ಹಾಗಾಗಿ ಅದನ್ನು ಸುಮ್ಮಸುಮ್ಮನೆ ಮುಟ್ಟಬೇಡಿ.

ಇದೆಲ್ಲ ಮಾಡಿದ ಮೇಲೂ, ಸ್ಲಾಟುಗಳು ತುಂಬಿರುವ ಮೆಷಿನ್ನಿನಲ್ಲಿ 4 ಜಿಬಿ ಕೆಳಗಿನ ಜಾಗ ಸಾಲದೆ ಹೋಗಬಹುದು. ಯಾಕೆಂದರೆ 32 ಬಿಟ್ಟಿನ ಬಾರ್‌ಗಳು, ಬ್ರಿಡ್ಜಿನ ಹಿಂದಿರುವ ಪ್ರೀಫೆಚ್ ಅಲ್ಲದ (ಮುಂಚೆಯೇ ಓದಿಟ್ಟುಕೊಳ್ಳಲಾಗದ) ಬಾರ್‌ಗಳು ಮೇಲೆ ಹತ್ತುವ ಹಾಗೇ ಇಲ್ಲ, ಕೆಳಗೇ ಕೂರಬೇಕು. ಕೆ80 ಕಾರ್ಡಿನ ಆ 16 ಎಂಬಿ ರೀಜನ್ 0 ಕೂಡ ಕೆಳಗಿನದೇ. ಎಎಂಐ ಬಯಾಸ್ ಇರುವ ಬೋರ್ಡ್ ಆದರೆ ಪರದೆ ಮೇಲೆ ಪಿಸಿಐ ಔಟ್ ಆಫ್ ರಿಸೋರ್ಸಸ್ ಅಂತ ದೊಡ್ಡದಾಗಿ ಬರೆದು, ಕೆಲವು ಕಾರ್ಡುಗಳನ್ನು ಡಿಸೇಬಲ್ ಮಾಡಿದ್ದೇನೆ, ಕೆಲವನ್ನು ತೆಗೆಯಿರಿ ಅಂತ ಹೇಳುತ್ತದೆ. ಅದು ಹೇಳಿದ್ದನ್ನು ಕೇಳಿ. ಎಲ್ಲ ಕಾರ್ಡ್ ತೆಗೆದು, ತೊಂದರೆ ಕೊಡುವುದನ್ನು ಒಂದೇ ಇಟ್ಟು ಬೂಟ್ ಮಾಡಿ. ಎದ್ದರೆ ಒಂದೊಂದಾಗಿ ಉಳಿದವನ್ನು ಸೇರಿಸುತ್ತಾ ಹೋಗಿ. ಬಳಸದ ಆನ್‌ಬೋರ್ಡ್ ನೆಟ್‌ವರ್ಕ್ ಪೋರ್ಟ್, ಸಾಟಾ ಕಂಟ್ರೋಲರ್ ಇದ್ದರೆ ಬಯಾಸಿನಲ್ಲೇ ಆಫ್ ಮಾಡಿ. ಎರಡು ಸಿಪಿಯು ಇದ್ದರೆ ಕಾರ್ಡನ್ನು ಇನ್ನೊಂದು ಸಿಪಿಯುವಿನ ಸ್ಲಾಟಿಗೆ ಹಾಕಿ ನೋಡಿ, ಒಂದೊಂದು ರೂಟ್ ಬ್ರಿಡ್ಜಿಗೂ (ಸಿಪಿಯುವಿನಿಂದ ಹೊರಡುವ ಮೊದಲ ಕೊಂಡಿ) ಬಯಾಸ್ ಅದರದೇ ಪಾಲು ಕೊಟ್ಟಿರುತ್ತದೆ, ಒಂದು ಕಡೆ ತುಂಬಿದ್ದರೂ ಇನ್ನೊಂದು ಕಡೆ ಖಾಲಿ ಇರಬಹುದು. ಪ್ರಾಕ್ ಐಒಮೆಮ್ (/proc/iomem) ಫೈಲ್ ತೆಗೆದು ನೋಡಿದರೆ ಯಾರ ಪಾಲು ಎಲ್ಲಿ ಅಂತ ಕಾಣುತ್ತದೆ. ರೂಟ್ ಆಗಿಯೇ ನೋಡಿ, ಮಾಮೂಲಿ ಯೂಸರಿಗೆ ಅದು ಬರೀ ಸೊನ್ನೆ ತೋರಿಸುತ್ತದೆ.

ಲೆಗಸಿ ಮೋಡಿನಲ್ಲೇ ಇರಬೇಕಾದವರಿಗೆ ಮಾತ್ರ ಬರುವ ಒಂದು ಎರರ್ ಇದೆ: ಆಪ್ಷನ್ ರಾಮ್ (ROM) ಜಾಗ ಖಾಲಿ ಅಂತ. ರೇಡ್ ಕಾರ್ಡ್, ನೆಟ್‌ವರ್ಕ್ ಕಾರ್ಡುಗಳ ಬೂಟ್ ಕೋಡ್ ಕೂರಲು ಹಳೆಯ ಕಾಲದಿಂದ ಸುಮಾರು 128 ಕೆಬಿ ಮಾತ್ರ ಇಟ್ಟಿದ್ದಾರೆ. ನೆಟ್‌ವರ್ಕಿನಿಂದ ಬೂಟ್ ಮಾಡದ ಪೋರ್ಟುಗಳ ಪಿಎಕ್ಸ್‌ಇ ಆಫ್ ಮಾಡಿದರೆ ಸಾಕು.

ಬಯಾಸ್ ಕೈಕೊಟ್ಟರೆ ಲಿನಕ್ಸ್

ಹಳೆಯ ಬಯಾಸಿನಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಕರ್ನಲ್ಲಿಗೆ ಪಿಸಿಐ=ರಿಆಲಾಕ್ (pci=realloc) ಅನ್ನುವ ಪ್ಯಾರಾಮೀಟರ್ ಕೊಡಿ. ಬಯಾಸ್ ಹಂಚಿದ ಬ್ರಿಡ್ಜ್ ಜಾಗ ಚಿಕ್ಕದಾಗಿದ್ದರೆ ಕರ್ನಲ್ ಮತ್ತೆ ಹಂಚಲು ನೋಡುತ್ತದೆ. ಸೀದಾ ಗ್ರಬ್ (ಬೂಟ್ ಮೆನು ಕೊಡುವ ಪ್ರೋಗ್ರಾಂ) ಫೈಲಿಗೆ ಬರೆಯಬೇಡಿ. ಬೂಟ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಸೇರಿಸಿ ಒಂದು ಸಲ ಬೂಟ್ ಮಾಡಿ ನೋಡಿ. ಸರಿಹೋದರೆ ಆಮೇಲೆ ಕಾಯಂ ಮಾಡಿದರಾಯ್ತು. ಇಂಟರ್ನೆಟ್ಟಿನಲ್ಲಿ ಇದರ ಜೊತೆಗೇ ನೋಸಿಆರ್‌ಎಸ್ (pci=nocrs) ಅಂತ ಇನ್ನೊಂದನ್ನೂ ಹಾಕಿ ಅಂತ ಸಲಹೆ ಕೊಡುತ್ತಾರೆ. ಅದು ಬಯಾಸ್ ಹೇಳಿದ ಗಡಿಯನ್ನೇ ಕರ್ನಲ್ ಲೆಕ್ಕಕ್ಕೆ ತಗೋಬಾರದು ಅನ್ನುವ ಪ್ಯಾರಾಮೀಟರ್. ಬೇರೆ ಯಾವುದೋ ಸಾಧನ ಕೂತಿರುವ ವಿಳಾಸದ ಮೇಲೆ ನಿಮ್ಮ ಕಾರ್ಡ್ ಹೋಗಿ ಕೂರಬಹುದು. ಪ್ರಯೋಗದ ಮೆಷಿನ್ ಆದರೆ ಸರಿ, ಕಸ್ಟಮರ್ ಡೇಟಾ ಇರುವ ಕಡೆ ನಾನಂತೂ ಹಾಕಲ್ಲ.

ನೆಟ್‌ವರ್ಕ್ ಕಾರ್ಡಿನಲ್ಲಿ ಎಸ್‌ಆರ್-ಐಒವಿ (ಒಂದೇ ಕಾರ್ಡನ್ನು ಹಲವು ವರ್ಚುವಲ್ ಕಾರ್ಡುಗಳಾಗಿ ಹಂಚುವುದು) ಆನ್ ಮಾಡುವಾಗಲೂ ಇದೇ ಕಥೆ. ನಾಟ್ ಇನಫ್ ಎಂಎಂಐಒ ರಿಸೋರ್ಸಸ್ ಅಂತ ಬರುತ್ತದೆ. ನೀವು ನಾಲ್ಕೇ ವರ್ಚುವಲ್ ಫಂಕ್ಷನ್ ಕೇಳಿದ್ದರೂ ಜಾಗ ಲೆಕ್ಕ ಹಾಕುವುದು ಕಾರ್ಡ್ ಒಟ್ಟು ಎಷ್ಟು ಕೊಡಬಲ್ಲದು ಅನ್ನುವುದರ ಮೇಲೆ. ಒಂದೊಂದಕ್ಕೆ 1 ಎಂಬಿ, ಒಟ್ಟು 64 ಅಂದರೆ ಒಂದು ಪೋರ್ಟಿಗೇ 64 ಎಂಬಿ. ಬಯಾಸಿನಲ್ಲಿ ಎಸ್‌ಆರ್-ಐಒವಿ ಆನ್ ಮಾಡಿದ್ದರೆ ಅದು ಈ ಜಾಗವನ್ನು ಮೊದಲೇ ತೆಗೆದಿಡುತ್ತದೆ. ಕಾರ್ಡಿನ ಫರ್ಮ್‌ವೇರಿನಲ್ಲಿ ಗರಿಷ್ಠ ಸಂಖ್ಯೆ ಕಡಿಮೆ ಮಾಡುವ ಅವಕಾಶ ಇದ್ದರೆ ಅದೂ ಒಂದು ದಾರಿ.

ವಿಂಡೋಸಿನವರಿಗೆ ಇಷ್ಟು ಕಷ್ಟ ಇಲ್ಲ, ಇಷ್ಟು ಮಾಹಿತಿಯೂ ಸಿಗಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 12 ಅಂತ ಬಂದರೆ ಅದು ಜಾಗದ ಕೊರತೆ, ಮೇಲಿನ ಬಯಾಸ್ ಸೆಟ್ಟಿಂಗುಗಳಿಗೆ ಹೋಗಿ. ವ್ಯೂ ಮೆನುವಿನಲ್ಲಿ ರಿಸೋರ್ಸಸ್ ಬೈ ಕನೆಕ್ಷನ್ ಆರಿಸಿದರೆ ಯಾರು ಎಲ್ಲಿ ಕೂತಿದ್ದಾರೆ ಕಾಣುತ್ತದೆ.

ಕೆಲಸ ಮಾಡುತ್ತೆ, ಆದರೆ ನಿಧಾನ

ಎಲ್‌ಎಸ್‌ಪಿಸಿಐನ ಅದೇ ಉದ್ದ ಔಟ್‌ಪುಟ್ಟಿನಲ್ಲಿ ಲಿಂಕ್ ಕೇಪಬಿಲಿಟಿ, ಲಿಂಕ್ ಸ್ಟೇಟಸ್ ಅಂತ ಎರಡು ಸಾಲು ಇರುತ್ತವೆ. ಮೊದಲನೆಯದು ಕಾರ್ಡಿನ ಯೋಗ್ಯತೆ, ಎರಡನೆಯದು ಈಗ ಸಿಕ್ಕಿರುವುದು. ಸ್ಟೇಟಸ್ಸಿನಲ್ಲಿ ಡೌನ್‌ಗ್ರೇಡೆಡ್ ಅಂತ ಇದ್ದರೆ ಸ್ಲಾಟ್ ನೋಡಿ. ಉದ್ದ 16 ಲೇನಿನದಿದ್ದರೂ ಒಳಗೆ ತಂತಿ ಎಳೆದಿರುವುದು 8ಕ್ಕೋ 4ಕ್ಕೋ ಇರಬಹುದು. ಕೆಲವು ಡ್ರೈವರುಗಳು ಇದನ್ನು ಡಿಮೆಸೇಜಿನಲ್ಲೇ ಹೇಳುತ್ತವೆ: ಸಿಗುತ್ತಿರುವುದು 31.504 ಗಿಗಾಬಿಟ್, ಸಿಗಬಹುದಾದ್ದು 126.016. ಜೆನ್ 3ರಲ್ಲಿ (ಪಿಸಿಐ ಎಕ್ಸ್‌ಪ್ರೆಸ್ಸಿನ ಮೂರನೇ ತಲೆಮಾರು) 16 ಲೇನ್ ಬೇಕಿದ್ದ ಕಾರ್ಡಿಗೆ 4 ಸಿಕ್ಕಿದೆ ಅಂತ ಅದರ ಅರ್ಥ. 10 ಗಿಗಾಬಿಟ್ಟಿನ ಎರಡು ಪೋರ್ಟಿಗೆ ಅಷ್ಟು ಸಾಕು, 100 ಗಿಗಾಬಿಟ್ ಕಾರ್ಡಿಗೆ ಸಾಲಲ್ಲ. ಜಿಪಿಯು ಸುಮ್ಮನಿದ್ದಾಗ ಕರೆಂಟ್ ಉಳಿಸಲು ಸ್ಪೀಡ್ ಇಳಿಸಿಕೊಂಡಿರುತ್ತದೆ, ಅದಕ್ಕೆ ಕೆಲಸ ಕೊಟ್ಟು ಆಮೇಲೆ ನೋಡಿ.

ಲೇನ್ ಸರಿಯಿದ್ದೂ ಲಾಗಿನಲ್ಲಿ ಕರೆಕ್ಟೆಡ್ ಎರರ್ ಸುರಿಯುತ್ತಿದ್ದರೆ, ಬ್ಯಾಡ್ ಟಿಎಲ್‌ಪಿ, ಬ್ಯಾಡ್ ಡಿಎಲ್‌ಎಲ್‌ಪಿ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್ಟುಗಳು) ಅಂತ, ನನ್ನ ಮೊದಲ ಅನುಮಾನ ರೈಸರ್ ಮೇಲೆ. ಆ ಸ್ಲಾಟನ್ನು ಬಯಾಸಿನಲ್ಲಿ ಒಂದು ಜೆನ್ ಕೆಳಗೆ ಇಳಿಸಿ ನೋಡಿ. ಎರರ್ ನಿಂತರೆ ಸಿಗ್ನಲ್ ಸಮಸ್ಯೆ. ರೈಸರ್ ಬದಲಿಸಿ.

ಈಗ ಡ್ರೈವರ್. ಕಾರ್ಡ್ ಲಿಸ್ಟಿನಲ್ಲಿದೆ, ಬಾರ್‌ಗಳಿಗೆಲ್ಲ ವಿಳಾಸ ಸಿಕ್ಕಿದೆ, ಲಿಂಕ್ ಸರಿಯಿದೆ, ಆದರೂ ಏಳುತ್ತಿಲ್ಲ ಅಂದರೆ ಆ ಡ್ರೈವರ್ ನಿಮ್ಮ ಕಾರ್ಡಿಗೆ ಇನ್ನೂ ಸಪೋರ್ಟ್ ಕೊಡುತ್ತಿದೆಯಾ ನೋಡಿ. ಕೆ80ಗೆ ಎನ್‌ವಿಡಿಯಾದ 470 ಸರಣಿಯೇ ಕೊನೆ, ಅದಕ್ಕಿಂತ ಹೊಸದು ಹಾಕಿದರೆ ಕಾರ್ಡನ್ನು ತಿರುಗಿಯೂ ನೋಡಲ್ಲ. ಕಾರ್ಡನ್ನು ವರ್ಚುವಲ್ ಮೆಷಿನ್ನಿಗೆ ಪಾಸ್‌ತ್ರೂ ಮಾಡುತ್ತಿದ್ದರೆ, ಅಂದರೆ ಸೀದಾ ಅದಕ್ಕೇ ಒಪ್ಪಿಸುತ್ತಿದ್ದರೆ, ಆ ವಿಎಂ ಒಳಗೂ ಅದೇ ಜಾಗದ ಪ್ರಶ್ನೆ ಮತ್ತೆ ಬರುತ್ತದೆ, ಆ ವಿಎಂ ಅನ್ನು ಇಎಫ್‌ಐ ಫರ್ಮ್‌ವೇರಿನಲ್ಲಿ ಮಾಡಿ, ವಿಎಂವೇರಿನ ಇಎಸ್‌ಎಕ್ಸ್‌ಐ ಆದರೆ 64 ಬಿಟ್ ಎಂಎಂಐಒ ಆಪ್ಷನ್ ಆನ್ ಮಾಡಿ ಅದರ ಅಳತೆಯನ್ನೂ ಕೊಡಿ.

ಕಾರ್ಡ್ ಎದ್ದ ಮೇಲೆ ಫ್ಯಾನ್ ಜೋರಾಗಿ ಕೂಗತೊಡಗಿದರೆ ಹೆದರಬೇಡಿ. ಪರಿಚಯ ಇಲ್ಲದ ಕಾರ್ಡ್ ಕಂಡರೆ ಎಷ್ಟು ಬಿಸಿಯಾಗುತ್ತೋ ಗೊತ್ತಿಲ್ಲ ಅಂತ ಕೆಲವು ಸರ್ವರುಗಳು ಫ್ಯಾನ್ ಏರಿಸುತ್ತವೆ. ಅದನ್ನು ಇಳಿಸುವ ಸೆಟ್ಟಿಂಗ್ ಡೆಲ್ಲಿನ ಕೆಲವು ತಲೆಮಾರುಗಳಲ್ಲಿ ಇದೆ. ಆದರೆ ಕೆ80, ಪಿ40 ಥರದ ಟೆಸ್ಲಾ ಕಾರ್ಡಿಗೆ ತನ್ನದೇ ಫ್ಯಾನ್ ಇಲ್ಲ ಅನ್ನುವುದು ನೆನಪಿರಲಿ, ಅದು ಬದುಕಿರುವುದೇ ಆ ಗಾಳಿಯಿಂದ.

ಇನ್ನೊಂದು, ಇದನ್ನು ಕಾರ್ಡ್ ಹಾಕುವ ಮೊದಲೇ ನೋಡಿಕೊಳ್ಳಬೇಕು. ಹೊಸ ಕಾರ್ಡ್ ಬಂದಾಗ ಬಸ್ ನಂಬರುಗಳು ಜರುಗಬಹುದು. ನಿನ್ನೆ ಇಎನ್‌ಪಿ3ಎಸ್0 ಆಗಿದ್ದ ನೆಟ್‌ವರ್ಕ್ ಪೋರ್ಟ್ ಇವತ್ತು ಇಎನ್‌ಪಿ4ಎಸ್0 ಆಗಿರುತ್ತದೆ, ಕಾನ್ಫಿಗ್ ಹಳೆಯ ಹೆಸರಿನಲ್ಲೇ ಇರುತ್ತದೆ, ಮೆಷಿನ್ ಬೂಟ್ ಆದರೂ ಪಿಂಗ್ ಆಗಲ್ಲ. ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಒಂದನ್ನೇ ನಂಬಿ ದೂರದ ಡೇಟಾ ಸೆಂಟರಿನ ಮೆಷಿನ್ನಿಗೆ ಕಾರ್ಡ್ ಹಾಕಿಸಬೇಡಿ. ರಿಮೋಟ್ ಕನ್ಸೋಲ್ ಲಾಗಿನ್ ಆಗುತ್ತಾ ಅಂತ ಮೊದಲು ನೋಡಿ, ಪೋರ್ಟುಗಳ ಮ್ಯಾಕ್ ವಿಳಾಸ ಬರೆದಿಟ್ಟುಕೊಳ್ಳಿ, ಆಮೇಲೆ ಮೆಷಿನ್ ಆಫ್ ಮಾಡಲು ಹೇಳಿ.